ಭಾವನ ಕುಕೀ ಫೈಲು

"ಗಾಡಿದಾರಿ ಮುಚ್ಚಾಕಿಲ್ಲ ಕಣ್ಲಾ ನಾಗರಾಜ. ನಾನಿದ್ರೂ ಮುಚ್ಚಾಕಿಲ್ಲ, ಸತ್ರೂ ಮುಚ್ಚಾಕಿಲ್ಲ. ನೀನು ಧೈರ್ಯವಾಗಿ ಆರಿಸ್ಕೊ."

ಅಗರದ ಮನೆಯ ಜಗಲಿಯಲ್ಲಿ ಪುಟ್ಟಮಾದಪ್ಪ ತಮ್ಮನಿಗೆ ಈ ಮಾತು ಕೊಟ್ಟದ್ದು ಅಣ್ಣತಮ್ಮಂದಿರು ಪಾಲಾದ ದಿನ. ಆ ಮನೆತನದಲ್ಲಿ ಪಾಲು ಹಾಕುವವನು ಹಿರಿಯ, ಆರಿಸಿಕೊಳ್ಳುವವನು ಕಿರಿಯ. ಯಾವ ಪಾಲು ತನಗೆ ಉಳಿಯುತ್ತದೋ ತಿಳಿಯದ್ದರಿಂದ ಹಿರಿಯ ಎರಡನ್ನೂ ಸರಿಯಾಗಿಯೇ ಹಾಕುತ್ತಾನೆ ಎಂಬುದು ಹಳೆಯವರ ನಂಬಿಕೆ. ನಂಬಿಕೆಗಿಂತ ಅನುಮಾನವೇ ಅದರಲ್ಲಿ ಹೆಚ್ಚು. ಪುಟ್ಟಮಾದಪ್ಪ ಹೊಲವನ್ನು ಎರಡು ಮಾಡಿದ್ದ: ರಸ್ತೆಗೆ ಅಂಟಿಕೊಂಡ ಕೆಂಪು ನೆಲ ಒಂದು, ಅದರ ಹಿಂದೆ ಕಾಲುವೆಯವರೆಗಿನ ಕಪ್ಪು ನೆಲ ಇನ್ನೊಂದು. ನಾಗರಾಜುವಿಗೆ ಕಪ್ಪು ನೆಲದ ಮೇಲೇ ಕಣ್ಣು. ಆದರೆ ಅದಕ್ಕೆ ರಸ್ತೆ ಇಲ್ಲ. ಅಣ್ಣನ ಹೊಲ ದಾಟಿಯೇ ಗಾಡಿ ಹೋಗಬೇಕು. ಅವನು ಹಿಂದೆಮುಂದೆ ನೋಡುತ್ತಿದ್ದಾಗ ಪುಟ್ಟಮಾದಪ್ಪ ಹಣೆಗೆ ಮಾದಪ್ಪನ ಬೆಟ್ಟದ ಧೂಳ್ತ, ಅಂದರೆ ವಿಭೂತಿ, ಹಚ್ಚಿಕೊಂಡು ಎದ್ದು ನಿಂತು, ಹೊಲದ ಕಡೆ ಕೈ ಚಾಚಿ, ಕೂತಿದ್ದವರೆಲ್ಲರ ಮುಂದೆ ಮಾತು ಕೊಟ್ಟ. ನಾಗರಾಜು ಕಪ್ಪು ನೆಲ ಆರಿಸಿಕೊಂಡ.

ಯಳಂದೂರಿನಲ್ಲಿ ಪಾಲುಪತ್ರ ನೋಂದಣಿಯಾದಾಗ ಗಾಡಿದಾರಿಯ ವಿಷಯ ಅದರಲ್ಲಿ ಸೇರಲಿಲ್ಲ. ಬರೆಸಬೇಕು ಅಂತ ಯಾರಿಗೂ ಅನ್ನಿಸಲೂ ಇಲ್ಲ. ಆದರೆ ಪುಟ್ಟಮಾದಪ್ಪನ ಮಗ ಮಲ್ಲಿಕಾರ್ಜುನಸ್ವಾಮಿ, ಆಗ ಪಿಯುಸಿ ಓದುತ್ತಿದ್ದವನು, ಆ ದಿನದ ಪಂಚಾಯ್ತಿಯನ್ನೆಲ್ಲ ಹೊಸ ಫೋನಿನಲ್ಲಿ ವಿಡಿಯೋ ಮಾಡಿದ್ದ. ಪುಟ್ಟಮಾದಪ್ಪನಿಗೆ ಇಂಥದರ ಹುಚ್ಚು. "ಫೋನು ಕಳ್ದೋದ್ರೂ ಮಾತು ಕಳೀಬಾರ್ದು" ಅಂತ ಮಗನಿಂದಲೇ ಇಂಟರ್‌ನೆಟ್ಟಿನಲ್ಲಿ, ವಿಡಿಯೋ ಇಡುವ ಒಂದು ಸೈಟಿನಲ್ಲಿ, ತನ್ನ ಹೆಸರಿನ ಖಾತೆ ತೆರೆಸಿ ಅದನ್ನು ಹಾಕಿಸಿದ. ತಾನೊಬ್ಬನೇ ನೋಡುವ ಹಾಗೆ ಬೀಗವನ್ನೂ ಹಾಕಿಸಿದ.

ಫೋನು ಕಳೆದುಹೋಯಿತು. ಹೋದ ವರ್ಷ ಪುಟ್ಟಮಾದಪ್ಪನೂ ಹೋದ. ಕಾಮಗೆರೆ ಆಸ್ಪತ್ರೆಯಲ್ಲಿ ಒಂದು ವಾರವಿದ್ದು, ಮನೆಗೆ ಕರೆದುಕೊಂಡು ಹೋಗಿ ಅಂದು, ಮನೆಗೆ ಬಂದ ಬೆಳಿಗ್ಗೆ ತೀರಿಕೊಂಡ.

ಈಗ ಹೊಲದ ಅಂಚಿನಲ್ಲಿ ಕಲ್ಲುಕಂಬಗಳು ಬಂದು ಬಿದ್ದಿದ್ದವು.

ಮೊದಲು ನೋಡಿದವಳು ನಾಗರಾಜುವಿನ ಹೆಂಡತಿ ರೂಪ. ಬೆಳಿಗ್ಗೆ ಮಗಳು ಮಧುಶ್ರೀಯನ್ನು ಹೈಸ್ಕೂಲಿಗೆ ಹೊರಡಿಸಿ, ಗಂಡನಿಗೆ ರೊಟ್ಟಿ ಕಟ್ಟಿಟ್ಟು, ಕೊಳ್ಳೇಗಾಲದ ಬಸ್ಸಿಗೆ ನಿಂತಿದ್ದಳು. ಟ್ರ್ಯಾಕ್ಟರಿನಿಂದ ಕಂಬ ಇಳಿಸುತ್ತಿದ್ದವರು ಭಾವನ ಹೊಲವನ್ನು ವಾರಕ್ಕೆ, ಬೆಳೆಯಲ್ಲಿ ಪಾಲಿಗೆ, ಮಾಡುತ್ತಿದ್ದ ಮಾದಣ್ಣ ಮತ್ತು ಇಬ್ಬರು ಆಳುಗಳು.

"ಏನ್ ಮಾದಣ್ಣ, ಕಂಬ?"

"ಬೇಲಿ ಕಣವ್ವ. ಕಾಡಂದಿ ಒಂದ್ ಗೆಡ್ಡೆ ಉಳಿಸ್ನಿಲ್ಲ. ಸ್ವಾಮಿ ಸುತ್ತ ಬೇಲಿ ಆಕ್ಸು ಅಂದವ್ರೆ."

"ಸುತ್ತ ಅಂದ್ರೆ?"

"ಸುತ್ತ ಅಂದ್ರೆ ಸುತ್ತ." ಮಾದಣ್ಣ ನಕ್ಕ. "ಅಂದಿ ಒಂದೇ ಕಡೆಯಿಂದ ಬರ್ತದಾ?"

ರೂಪ ಬಸ್ಸು ಬಿಟ್ಟಳು. ಮನೆಗೆ ವಾಪಸು ಬಂದು ಗಂಡನಿಂದ ಭಾವನ ಮಗ ಸ್ವಾಮಿಗೆ ಫೋನು ಮಾಡಿಸಿ ಸ್ಪೀಕರಿಗೆ ಹಾಕಿದಳು.

ಸ್ವಾಮಿ ಈಗ ಹನೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸದಲ್ಲಿದ್ದ. ಅಪ್ಪ ಸತ್ತ ಮೇಲೆ ತಾಯಿ ಪುಟ್ಟಬಸಮ್ಮನನ್ನೂ ಅಲ್ಲಿಗೇ ಕರೆದುಕೊಂಡು ಹೋಗಿದ್ದ.

"ಸ್ವಾಮಿ, ಕಂಬ ಬಂದು ಬಿದ್ದವಲ್ಲಪ್ಪ," ಅಂದ ನಾಗರಾಜು.

"ಊಂ ಚಿಕ್ಕಪ್ಪ. ಬೇಲಿ ಇಲ್ದಿದ್ರೆ ಹೊಲ ಬುಟ್ಬುಡ್ತೀನಿ ಅಂತವ್ನೆ ಮಾದಣ್ಣ."

"ನಮ್ ಗಾಡಿದಾರಿ?"

ಆ ಕಡೆ ಸ್ವಾಮಿ ಯಾರಿಗೋ ಬಿಲ್ಲು ಹರಿದು ಕೊಟ್ಟು ಬಂದ.

"ಅಪ್ಪ ಏನ್ ಮಾತು ಕೊಟ್ಟಿದ್ರೋ ಅದೇ ಚಿಕ್ಕಪ್ಪ. ಆದ್ರೆ ಈಗಿನ್ ಜಾಡು ಹೊಲದ ನಡುಮಧ್ಯಕ್ಕೆ ಸೊಟ್ಟಗೆ ಓಗ್ತದೆ. ಬೇಲಿ ಆಕುವಾಗ ಅದ್ನ ಹೊಲದಂಚಿನ ಬದಿನ್ ಮೇಲೆ ತರ್ಬೇಕು. ಅಪ್ಪ ಅವತ್ತು ಕೈ ತೋರ್ಸಿ ಏನೋ ಹೇಳಿದ್ರು. ಮೂಡಲ ಬದಾ, ಪಡುವಲ ಬದಾ, ನನಗೆ ನೆಪ್ಪಿಲ್ಲ. ನಿಮಗೆ ನೆಪ್ಪದಾ?"

"ನನಗೆಲ್ಲಿ ನೆಪ್ಪು. ನಾನು ಅವತ್ತು ಗಾಬರೀಲಿದ್ದೆ."

"ವಿಡಿಯೋ ನೋಡೇ ಕಂಬ ನಿಲ್ಸೋಣ. ಅಲ್ಲಿವರ್ಗೂ ಬ್ಯಾಡ."

ಫೋನಿಟ್ಟ ಮೇಲೆ ನಾಗರಾಜು ನಿರಾಳವಾಗಿ ರೊಟ್ಟಿಗೆ ಕೈ ಹಾಕಿದ. "ಒಳ್ಳೆ ಹೈದ," ಅಂದ.

"ಕೊಟ್ಟವ್ರೆ ಅನ್ನಲಿಲ್ಲ ನೋಡಿ," ಅಂದಳು ರೂಪ. "ಕೊಟ್ಟಿದ್ರೋ ಅಂದ. ನೆಪ್ಪಿಲ್ಲ ಅಂತನೂ ಅಂದ. ವಿಡಿಯೋ ಮಾಡ್ದೋನು ಅವ್ನೇ, ಅವ್ನಿಗೇ ನೆಪ್ಪಿಲ್ವಂತಾ?"

"ಲೇ, ನಿನ್ ಅಂಗ್ಡಿ ಬುದ್ಧಿ ಮನೆಗ್ ತರ್ಬ್ಯಾಡ."

ಅಂಗಡಿ ಬುದ್ಧಿ ಅಂದರೆ ಏನು ಅಂತ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ರೂಪಳದ್ದೊಂದು ಆನ್‌ಲೈನ್ ಸೆಂಟರು: ಅರ್ಜಿ ಹಾಕುವುದು, ಪಹಣಿ ತೆಗೆದುಕೊಡುವುದು, ಜೆರಾಕ್ಸು, ಲ್ಯಾಮಿನೇಷನ್ನು. ಜನ ಬಂದು ಪಾಸ್‌ವರ್ಡನ್ನು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳುತ್ತಿದ್ದರು. ಒಟಿಪಿ ಬಂದ ಫೋನನ್ನೇ ಅವಳ ಕೈಗೆ ಕೊಟ್ಟು ಟೀ ಕುಡಿಯಲು ಹೋಗುತ್ತಿದ್ದರು. ಇನ್ನೊಬ್ಬರ ಹೆಸರಲ್ಲಿ ಅರ್ಜಿ ಹಾಕಲು ಬಂದವರನ್ನೂ, ತಮ್ಮನ ಆಧಾರ್ ಹಿಡಿದು ಬಂದ ಅಣ್ಣಂದಿರನ್ನೂ ಅವಳು ನೋಡಿದ್ದಳು. ಕಂಪ್ಯೂಟರಿನ ಮೇಲೆ ಅವಳೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದ ಚೀಟಿ: ಕೆಲಸ ಮುಗಿದ ಮೇಲೆ ಲಾಗೌಟ್ ಮಾಡಿ. ಮಾಡದೆ ಎದ್ದು ಹೋದವರನ್ನು ಬೀದಿಯವರೆಗೂ ಹೋಗಿ ಕರೆತಂದು ಮಾಡಿಸುತ್ತಿದ್ದಳು.

ಮಾರನೆಯ ದಿನ ಸ್ವಾಮಿಯೇ ಅವಳಿಗೆ ಫೋನು ಮಾಡಿದ.

"ಚಿಕ್ಕವ್ವ, ವಿಡಿಯೋ ಅದೆ. ಆದ್ರೆ ಒಂದ್ ತೊಂದ್ರೆ. ಅಪ್ಪನ ಪಾಸ್‌ವರ್ಡು ಯಾರ್ಗೂ ಗೊತ್ತಿಲ್ಲ. ಮರ್ತೋಗದೆ ಅಂತ ಒತ್ತಿದ್ರೆ ಒಟಿಪಿ ಅಪ್ಪನ ಹಳೇ ನಂಬರ್‌ಗೆ ಓಗ್ತದೆ. ಆ ಸಿಮ್ಮು ಕಟ್ಟಾಗಿ ಈಗ ಇನ್ಯಾರಿಗೋ ಕೊಟ್ಟವ್ರೆ. ಮಾಡಿದ್ರೆ ಯಾರೋ ತಮಿಳಲ್ಲಿ ಬೈತರೆ."

"ಮತ್ತೆ ವಿಡಿಯೋ ಅದೆ ಅಂದ್ಯಲ್ಲ?"

"ಅಪ್ಪನ ಹಳೇ ಲ್ಯಾಪ್‌ಟಾಪಲ್ಲಿ ಮಾತ್ರ ಖಾತೆ ತೆರ್ದೇ ಅದೆ. ಅಪ್ಪ ಲಾಗೌಟ್ ಮಾಡೇ ಇರ್ನಿಲ್ಲ. ಪೇಜು ಕಾಣ್ತದೆ. ಆದ್ರೆ ಬ್ರೌಸರು ಓಬೀರಾಯನ ಕಾಲದ್ದು, ವಿಡಿಯೋ ಒತ್ತಿದ್ರೆ ಸುತ್ತತಾನೇ ಇರ್ತದೆ. ಹತ್ನಿಮಿಷಕ್ಕೆ ಮಿಷನ್ನು ಕಾದು ತಾನೇ ಆಫಾಗ್ತದೆ. ಅದ್ಕೆ ಅದರ ಕುಕೀನ ಫೈಲು ಮಾಡಿ ನಿಮಗೆ ಕಳಿಸ್ತೀನಿ. ನಿಮ್ಮ ಅಂಗಡಿ ಮಿಷನ್ನಲ್ಲಿ ಇಳಿಸ್ಕಬೋದು."

ಫೈಲು ಬಂತು.

ಸಂಜೆ ನಾಗರಾಜು ಕುಕೀ ಅಂದರೇನು ಅಂತ ಕೇಳಿದಾಗ ರೂಪ ಅವನಿಗೆ ತಿಳಿಯುವ ಹಾಗೆ ಹೇಳಿದಳು: "ಟೆಂಟಲ್ಲಿ ಸಿನಿಮಾ ನೋಡುವಾಗ ಇಂಟರ್‌ವಲ್‌ಗೆ ಹೊರಗೆ ಬಂದ್ರೆ ಔಟ್‌ಪಾಸ್ ಕೊಡೋರಲ್ಲ, ಅದು. ಒಂದ್ಸಲ ಟಿಕೆಟ್ ಕೊಟ್ಟು ಒಳಗೋದೋನು ಅದನ್ನ ತೋರ್ಸಿದ್ರೆ ಸಾಕು, ತಿರ್ಗಾ ಟಿಕೆಟ್ ಕೇಳಲ್ಲ. ಪಾಸ್‌ವರ್ಡು ಟಿಕೆಟ್ಟು, ಕುಕೀ ಔಟ್‌ಪಾಸು."

"ಆ ಔಟ್‌ಪಾಸು ಯಾರ್ ಕೈಲಿದ್ರೂ ಒಳಿಕ್ಕೆ ಬುಡ್ತರಾ?"

"ಬುಡ್ತರೆ."

"ಅಂಗಾದ್ರೆ ಅದ್ನ ನಮ್ ಕೈಗೆ ಕೊಟ್ಟವ್ನಲ್ಲ ಸ್ವಾಮಿ. ಇನ್ನೇನು ಬೇಕು ನಿನಗೆ?"

ರೂಪಳಿಗೆ ತಿಳಿಯಬೇಕಿದ್ದುದೂ ಅದೇ: ಯಾಕೆ ಕೊಟ್ಟ? ಹೊಲ ಅವನದು, ಕಂಬ ಅವನವು, ದಾರಿ ಬಿಟ್ಟರೆ ನೆಲ ಹೋಗುವುದು ಅವನದು. ತನಗೆ ಆಗದ ಸಾಕ್ಷಿಯನ್ನು ತಾನೇ ಹುಡುಕಿ ಎದುರಾಳಿಯ ಕೈಗಿಡುವವನನ್ನು ಅವಳ ಅಂಗಡಿಯ ಗಿರಾಕಿಗಳಲ್ಲಿ ಅವಳು ಕಂಡಿರಲಿಲ್ಲ. ಫೈಲು ಕೆಲಸ ಮಾಡದ ಫೈಲಿರಬಹುದು. ಕೊಟ್ಟೆನಲ್ಲ ಚಿಕ್ಕವ್ವ, ನಿಮಗೇ ತೆಗೆಯಕ್ಕೆ ಬರಲಿಲ್ಲ ಅನ್ನುವುದಕ್ಕೆ ಕಳಿಸಿರಬಹುದು.

ಅಂಗಡಿಯಲ್ಲಿ ಫೈಲನ್ನು ಹಾಕಿದಾಗ ಅನುಮಾನ ಗಟ್ಟಿಯಾಯಿತು. ಅವಳ ಹತ್ತಿರವಿದ್ದ ವಿಡಿಯೋ ಇಳಿಸುವ ಪ್ರೋಗ್ರಾಮು ಅದನ್ನು ತಿನ್ನಲಿಲ್ಲ. ಇದು ಕುಕೀ ಫೈಲಿನ ಹಾಗಿಲ್ಲ, ಅಂತ ಕೆಂಪಕ್ಷರದಲ್ಲಿ ಬಂತು. ಸ್ವಾಮಿಗೆ ಫೋನು ಮಾಡಿದಳು.

"ನನ್ನ ಮಿಷನ್ನು ಕೊಟ್ಟಿದ್ದು ಜೇಸನ್ ಥರದ್ದು ಚಿಕ್ಕವ್ವ. ನಿಮ್ಮದು ಹಳೇ ಟೆಕ್ಸ್ಟ್ ಥರದ್ದು ಕೇಳ್ತಾ ಇರ್ಬೇಕು. ಒಳಗಿರೋದು ಒಂದೇ. ಬದಲಾಯ್ಸೋ ಸೈಟುಗಳವೆ, ಹಾಕಿ ಒತ್ತಿದ್ರೆ ಬದಲಾಯ್ಸಿ ಕೊಡ್ತವೆ. ಅಥವಾ ಒಂದ್ ಎಕ್ಸ್‌ಟೆನ್ಷನ್ ಹಾಕ್ಕಳಿ."

"ಅಪ್ಪನ ಔಟ್‌ಪಾಸ್‌ನ ಯಾವನೋ ಗುರುತಿಲ್ದೋನ್ ಸೈಟಿಗೆ ಕೊಡು ಅಂತೀಯ?"

"ಅಯ್ಯೋ, ಅಪ್ಪನ ವಿಡಿಯೋ ತಕಂಡು ಅವ್ನೇನ್ ಮಾಡಾನು ಚಿಕ್ಕವ್ವ? ಪಾಲಿಗೆ ಬರ್ತನಾ?"

ಅವನು ನಕ್ಕ. ಅವಳು ನಗಲಿಲ್ಲ. ಎಕ್ಸ್‌ಟೆನ್ಷನ್ನುಗಳನ್ನು ಅವಳು ಅಂಗಡಿಯ ಬ್ರೌಸರಿಗೆ ಸೇರಿಸುತ್ತಲೇ ಇರಲಿಲ್ಲ. ಅದರಲ್ಲಿ ಊರಿನ ಅರ್ಧ ಜನದ ಖಾತೆಗಳು ತೆರೆದು ಮುಚ್ಚುತ್ತವೆ, ಪಕ್ಕದಲ್ಲಿ ಕೂತು ನೋಡುವವನೊಬ್ಬ ಯಾಕೆ ಬೇಕು? ಬದಲಾಯಿಸುವ ಸೈಟೊಂದನ್ನು ತೆರೆದು ನೋಡಿದಳು. ಮೇಲೆ ಬೀಗದ ಚಿತ್ರ, ಕೆಳಗೆ ‘ನಿಮ್ಮ ಫೈಲು ನಮ್ಮಲ್ಲಿ ಉಳಿಯುವುದಿಲ್ಲ’ ಎಂಬ ಭರವಸೆ. ಕೇಳದೆಯೇ ಭರವಸೆ ಕೊಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಮುಚ್ಚಿದಳು.

ಕೈಯಲ್ಲೇ ಬದಲಾಯಿಸುವುದು ಅಂತ ತೀರ್ಮಾನವಾಯಿತು.

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಎರಡು ಬಗೆಯ ಫೈಲುಗಳ ಮಾದರಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಸ್ವಾಮಿ ಕಳಿಸಿದ್ದರಲ್ಲಿ ಪ್ರತಿ ಕುಕೀಗೂ ಬಳ್ಳಿಯಂಥ ಕಂಸ, ಕಂಸದೊಳಗೆ ಇದು ಹೆಸರು, ಇದು ಮೌಲ್ಯ, ಇದು ಸೈಟು, ಇದು ಇಂಥ ದಿನಕ್ಕೆ ಮುಗಿಯುತ್ತದೆ ಅಂತ ಎಲ್ಲಕ್ಕೂ ಒಂದೊಂದು ಸಾಲು. ಹಳೆಯ ಥರದ್ದರಲ್ಲಿ ಆ ವೈಭವ ಇಲ್ಲ. ಒಂದು ಕುಕೀಗೆ ಒಂದು ಸಾಲು, ಸಾಲಿನಲ್ಲಿ ಕಾಲಂ ಕಾಲಂ. ಹೇಳುವುದೆಲ್ಲ ಅದೇ, ಕೂರುವ ಜಾಗ ಬೇರೆ. ನೋಟ್‌ಪ್ಯಾಡ್ ತೆರೆದು ಒಂದೊಂದನ್ನೇ ಕಿತ್ತು ನೆಡತೊಡಗಿದಳು.

ಮೊದಲ ಸಲ ಪ್ರೋಗ್ರಾಮು ಮತ್ತೆ ಬೇಡ ಅಂದಿತು. ಕಾಲಮ್ಮುಗಳ ನಡುವೆ ಅವಳು ಸ್ಪೇಸ್ ಒತ್ತಿದ್ದಳು. ಅದಕ್ಕೆ ಬೇಕಿದ್ದುದು ಟ್ಯಾಬು. ಕಣ್ಣಿಗೆ ಎರಡೂ ಬರಿಯ ಖಾಲಿಯೇ. ಮದುವೆಗೆ ಮುಂಚೆ ಟೈಪಿಂಗ್ ಕಲಿಯುವಾಗ ಸ್ಟೇಟ್‌ಮೆಂಟಿನ ಕಾಲಮ್ಮುಗಳ ನಡುವೆ ಸ್ಪೇಸ್ ಒತ್ತಿದವರಿಗೆ ಶಾಂತಮೂರ್ತಿ ಮೇಷ್ಟ್ರು "ಇದೇನಮ್ಮ, ರಾಗಿ ಚೆಲ್ಲಿದ್ದೀಯಾ?" ಅನ್ನುತ್ತಿದ್ದರು. ಸ್ಪೇಸುಗಳನ್ನೆಲ್ಲ ಅಳಿಸಿ ಟ್ಯಾಬು ಒತ್ತಿದಳು. ಮುಗಿಯುವ ದಿನದ ಅಂಕಿಗಳ ಕೊನೆಗೆ ದಶಾಂಶದ ಬಾಲವಿತ್ತು, ಅದನ್ನು ಕತ್ತರಿಸಿದಳು. ನಡುವೆ ಒಬ್ಬರಿಗೆ ಜಾತಿ ಪ್ರಮಾಣಪತ್ರದ ಅರ್ಜಿ, ಇನ್ನೊಬ್ಬರಿಗೆ ಬಣ್ಣದ ಜೆರಾಕ್ಸು. ಎದ್ದು ಹೋಗುವಾಗೆಲ್ಲ ಫೈಲು ಮುಚ್ಚಿ ಹೋದಳು. ಬೆರಳು ನೋಯುತ್ತಿತ್ತು. ಒಂದು ಅಕ್ಷರ ತಪ್ಪಿದರೂ ಬಾಗಿಲು ತೆರೆಯುವುದಿಲ್ಲ. ಸ್ವಾಮಿಯೇ ಒಂದು ಅಕ್ಷರ ಬೇಕಂತಲೇ ಕೆಡಿಸಿ ಕಳಿಸಿದ್ದರೆ?

ಶನಿವಾರ ಸಂಜೆ ಬಾಗಿಲು ತೆರೆಯಿತು.

ಪ್ರೋಗ್ರಾಮಿನ ಪರದೆಯ ಮೇಲೆ ಭಾವನ ಹೆಸರು ಬಂತು. ಕೆಳಗೆ ವಿಡಿಯೋದ ಹೆಸರು: ನಮ್ಮ ಮನೆ ಪಾಲು. ಪಕ್ಕದಲ್ಲಿ ಅಂಚೆಚೀಟಿಯಷ್ಟು ಚಿತ್ರ. ಅದರಲ್ಲಿ ಜಗಲಿಯ ಕಂಬ, ಬಿಳಿ ಅಂಗಿಯ ಪುಟ್ಟಮಾದಪ್ಪ, ಹಣೆಯ ತುಂಬ ಧೂಳ್ತ, ಚಾಚಿದ ಕೈ. ಬೆರಳು ಯಾವ ಕಡೆಗಿದೆ ಅನ್ನುವುದು ಚಿತ್ರದ ಅಂಚಿಗೆ ಕತ್ತರಿಸಿಹೋಗಿತ್ತು. ರೂಪ ಬೇಡವೆಂದುಕೊಂಡರೂ ಕೈ ಮುಗಿದಳು.

ಇಳಿಸಲು ಒತ್ತಿದರೆ ಅದು ಇಡೀ ಮಧ್ಯಾಹ್ನದ ವಿಡಿಯೋ. ಅಂಗಡಿಯ ನೆಟ್ಟಿಗೆ ಅದೊಂದು ರಾತ್ರಿಯ ಕೆಲಸ. ಮಳಿಗೆಯ ಮಾಲೀಕ ಸಂಜೆ ಬೀಗ ಹಾಕುವಾಗ ಮೇನ್ ಆಫ್ ಮಾಡಿ ಹೋಗುವವನು, ಭಾನುವಾರ ಗೇಟೇ ತೆಗೆಯುವವನಲ್ಲ. ಅಗರಕ್ಕೆ ಬಸ್ಸಿನ ಹೊತ್ತೂ ಆಗಿತ್ತು. ಸೋಮವಾರ ಬೆಳಿಗ್ಗೆಯೇ ಬಂದು ಕೂತರಾಯಿತು ಅಂದುಕೊಂಡು, ಬದಲಾಯಿಸಿದ ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಅಂಗಡಿಯ ಕಂಪ್ಯೂಟರಿನಿಂದ ಅಳಿಸಿ, ಪೆನ್‌ಡ್ರೈವನ್ನು ಪರ್ಸಿನೊಳಗಿನ ಚಿಕ್ಕ ಪರ್ಸಿಗೆ ಹಾಕಿಕೊಂಡಳು.

ಮನೆಗೆ ಬಂದರೆ ಒಂದು ಸುದ್ದಿ ಕಾದಿತ್ತು.

"ಸೋಮವಾರ ಮಧ್ಯಾನ ಯಳಂದೂರಿಂದ ಸರ್ವೇಯರ್ ಬರ್ತರಂತೆ," ಅಂದ ನಾಗರಾಜು. "ಸ್ವಾಮಿ ಹದ್ದುಬಸ್ತಿಗೆ ಅರ್ಜಿ ಆಕವ್ನಂತೆ. ಮಾದಣ್ಣ ಅಂದ."

"ವಿಡಿಯೋ ನೋಡೋವರ್ಗೂ ಕಂಬ ನಿಲ್ಸಲ್ಲ ಅಂದಿದ್ನಲ್ಲ?"

"ಹದ್ದು ಗುರ್ತು ಮಾಡಿದ್ರೆ ಕಂಬ ನಿಲ್ಸಿದಂಗಾ?"

"ಇನ್ನೇನು ಮತ್ತೆ?"

"ಬೇಲಿ ಆಕೋರು ಯಾರಾದ್ರೂ ಅಳತೆ ಮಾಡ್ಸೇ ಮಾಡ್ಸ್ತರೆ ಕಣೆ."

"ಅಮ್ಮ, ನೀನು ಅಳತೆ ಟೇಪಿನ ಮೇಲೂ ಅನುಮಾನ ಪಡ್ತೀಯ," ಅಂದಳು ಓದುತ್ತಾ ಕೂತಿದ್ದ ಮಧುಶ್ರೀ. ಪಾಲಾದ ದಿನ ಇವಳಿನ್ನೂ ತೊಡೆಯ ಮೇಲಿನ ಕೂಸು. ಈಗ ಇವಳ ಕಾಲೇಜು ಎನ್ನುವುದೂ ಆ ಕಪ್ಪು ನೆಲದ ಅರಿಸಿನ, ಕಬ್ಬಿನ ಮೇಲೇ ನಿಂತಿತ್ತು. ಆ ಕಬ್ಬು ಟ್ರ್ಯಾಕ್ಟರ್ ಹತ್ತಿ ರಸ್ತೆಗೆ ಬರಬೇಕಾದರೆ ಇರುವುದು ಒಂದೇ ದಾರಿ.

ರೂಪಳ ತಲೆಯಲ್ಲಿ ಒಂದೇ ಓಡುತ್ತಿತ್ತು. ಔಟ್‌ಪಾಸು ಈಗ ಎರಡು. ಒಂದು ಅವಳ ಪರ್ಸಿನಲ್ಲಿ, ಇನ್ನೊಂದು ಹನೂರಿನಲ್ಲಿ, ಸ್ವಾಮಿಯ ಮನೆಯ ಲ್ಯಾಪ್‌ಟಾಪಿನಲ್ಲಿ. ಅದರಲ್ಲಿ ವಿಡಿಯೋ ಓಡದಿರಬಹುದು. ಆದರೆ ಪೇಜು ಕಾಣುತ್ತದೆ ಅಂದಿದ್ದ. ಪೇಜು ಕಂಡರೆ ಅಳಿಸು ಎನ್ನುವ ಗುಂಡಿಯೂ ಕಾಣುತ್ತದೆ. ಭಾನುವಾರ ಇಡೀ ದಿನ ಅವನ ಕೈಯಲ್ಲಿದೆ. ಸೋಮವಾರ ಸರ್ವೇಯರ್ ಬರುವ ಹೊತ್ತಿಗೆ ವಿಡಿಯೋ ಇಲ್ಲವೆಂದರೆ, ಪತ್ರದಲ್ಲಿ ದಾರಿ ಇಲ್ಲವೆಂದರೆ?

ಭಾನುವಾರ ಬೆಳಿಗ್ಗೆ ಪುಟ್ಟಬಸಮ್ಮಕ್ಕನನ್ನು ನೋಡಿ ಬರುತ್ತೇನೆಂದು ಹೇಳಿ, ಕೊಳ್ಳೇಗಾಲದಲ್ಲಿ ಮಾದಪ್ಪನ ಬೆಟ್ಟದ ಬಸ್ಸು ಹತ್ತಿ ಹನೂರಿನಲ್ಲಿ ಇಳಿದಳು.

ಪುಟ್ಟಬಸಮ್ಮ ವಾರಗಿತ್ತಿಯನ್ನು ಕಂಡು ಹಿಗ್ಗಿದಳು. "ಬಾ ರೂಪ, ಏನವ್ವ ಈ ಬಿಸ್ಲಲ್ಲಿ? ಊರ ಕಡೆಯೋರು ಒಬ್ರೂ ಬರಾಕಿಲ್ಲ. ಸ್ವಾಮಿ, ಓಗಿ ಹಾಲು ತಕ್ಕಬಾ, ನಿಮ್ ಚಿಕ್ಕವ್ವ ಕರೀ ಕಾಪಿ ಕುಡಿಯಾಕಿಲ್ಲ."

"ಏನಾಯ್ತು ಚಿಕ್ಕವ್ವ ಫೈಲು? ಬದಲಾಯ್ತಾ?" ಚಪ್ಪಲಿ ಮೆಟ್ಟುತ್ತಾ ಕೇಳಿದ ಸ್ವಾಮಿ.

"ಇನ್ನೂ ನೋಡ್ತಾ ಇವ್ನಿ," ಅಂದಳು ರೂಪ.

ಅವನು ಹೋದ. ಪುಟ್ಟಬಸಮ್ಮ ಒಲೆಯ ಹತ್ತಿರ ಹೋಗಿ ಅಲ್ಲಿಂದಲೇ ಮಾತಾಡತೊಡಗಿದಳು. ಹಾಲ್‌ನಲ್ಲಿ ಪುಟ್ಟಮಾದಪ್ಪನ ಹಾರ ಹಾಕಿದ ಫೋಟೋ. ಅದರ ಕೆಳಗಿನ ಮೇಜಿನ ಮೇಲೆ, ಕಸೂತಿ ಬಟ್ಟೆ ಹೊದಿಸಿಕೊಂಡು ಲ್ಯಾಪ್‌ಟಾಪು ಕೂತಿತ್ತು. ರೂಪ ಬಟ್ಟೆ ಸರಿಸಿ ಗುಂಡಿ ಒತ್ತಿದಳು. ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿತು.

"ಏನವ್ವ ಅದು ಸದ್ದು?"

"ಆನಾಯ್ತದಾ ಅಂತ ನೋಡ್ದೆ ಅಕ್ಕ."

"ಆಯ್ತದೆ, ಆಯ್ತದೆ. ಸ್ವಾಮಿ ದಿನಾ ಅದ್ರ ಮುಂದೆ ಕುಂತ್ಕತನೆ. ಅಪ್ಪನ ದನಿ ಒಂದ್ಸಲ ಕೇಳ್ಬೇಕು ಅಂತನೆ. ಅದು ಸುತ್ತತದೆ, ಇವ್ನು ನೋಡ್ತನೆ."

ದಿನಾ ಕೂತುಕೊಳ್ಳುತ್ತಾನೆ. ಅಷ್ಟು ಸಾಕಾಯಿತು ರೂಪಳಿಗೆ. ದನಿ ಕೇಳುವುದಕ್ಕೆ ಅಂತ ತಾಯಿಗೆ ಹೇಳಿದ್ದಾನೆ. ಪೇಜು ತೆರೆಯಿತು. ಮೂಲೆಯಲ್ಲಿ ಹಸಿರು ವೃತ್ತದೊಳಗೆ ಭಾವನ ಹೆಸರಿನ ಮೊದಲ ಅಕ್ಷರ. ಅದನ್ನು ಒತ್ತಿದರೆ ಉದ್ದ ಪಟ್ಟಿ ಇಳಿಯಿತು. ಎಲ್ಲಕ್ಕಿಂತ ಕೆಳಗೆ, ಅವಳು ದಿನವೂ ಜನರಿಗೆ ಹೇಳಿ ಹೇಳಿ ನಾಲಿಗೆ ಸವೆಸಿಕೊಂಡ ಪದ.

ಅಳಿಸುವುದು ಬೇರೆ, ಲಾಗೌಟ್ ಬೇರೆ, ಅಂದುಕೊಂಡಳು. ನಾನೇನೂ ಕದಿಯುತ್ತಿಲ್ಲ, ಹಾಳುಮಾಡುತ್ತಿಲ್ಲ. ಈ ಮನೆಯ ಬಾಗಿಲು ಹಾಕುತ್ತಿದ್ದೇನೆ, ಅಷ್ಟೇ. ಒಳಗೆ ಹೋಗುವ ಪಾಸು ನನ್ನ ಪರ್ಸಿನಲ್ಲಿದೆ. ಸೋಮವಾರ ಇಳಿಸಿ ಇವನಿಗೂ ಒಂದು ಕಾಪಿ ಕೊಟ್ಟರಾಯಿತು.

ಒತ್ತಿದಳು. ಖಚಿತವೇ ಅಂತ ಕೇಳಿತು. ಹೌದು ಅಂತ ಒತ್ತಿದಳು. ಪೇಜು ಬೆಳ್ಳಗಾಗಿ ಪಾಸ್‌ವರ್ಡು ಕೇಳುತ್ತಾ ನಿಂತಿತು. ಮಿಷನ್ನು ಆಫ್ ಮಾಡಿ ಬಟ್ಟೆ ಹೊದಿಸಿದಳು. ಹಾಲು ಬಂತು, ಕಾಫಿ ಕುಡಿದಳು, ಪುಟ್ಟಬಸಮ್ಮ ಕೊಟ್ಟ ಹುಣಿಸೆಹಣ್ಣಿನ ಉಂಡೆ ತೆಗೆದುಕೊಂಡಳು.

"ನಾಳೆ ಸರ್ವೇಗೆ ಬರ್ತೀನಿ," ಅಂದ ಸ್ವಾಮಿ ಬಸ್ಸಿನವರೆಗೂ ಬಂದು. "ಅಷ್ಟೊತ್ಗೆ ವಿಡಿಯೋ ಸಿಕ್ಬುಟ್ರೆ ಸರ್ವೇಯರ್ ಮುಂದೇನೇ ದಾರಿ ಗುರ್ತು ಹಾಕಿಸ್ಬುಡಬೋದು ಚಿಕ್ಕವ್ವ."

ಎಷ್ಟು ಸಲೀಸಾಗಿ ಹೇಳುತ್ತಾನೆ ಅಂತ ಬಸ್ಸಿನಲ್ಲಿ ಕೂತು ಕಾಮಗೆರೆ ದಾಟುವವರೆಗೂ ಯೋಚಿಸಿದಳು.

ಸೋಮವಾರ ಮಳಿಗೆಯ ಗೇಟು ತೆಗೆಯುವುದಕ್ಕೂ ಮುಂಚೆ ರೂಪ ಅಲ್ಲಿದ್ದಳು. ಪೆನ್‌ಡ್ರೈವ್ ಚುಚ್ಚಿ, ಫೈಲನ್ನು ಪ್ರೋಗ್ರಾಮಿಗೆ ಕೊಟ್ಟಳು. ಕೆಂಪಕ್ಷರ ಬಂತು. ಈ ಸಲ ಫೈಲು ಸರಿಯಿಲ್ಲ ಅನ್ನಲಿಲ್ಲ: ನೀವು ಲಾಗಿನ್ ಆಗಿಲ್ಲ, ಇದು ಖಾಸಗಿ ವಿಡಿಯೋ.

ಟ್ಯಾಬುಗಳನ್ನು ನೋಡಿದಳು. ಅಂಕಿಗಳನ್ನು ನೋಡಿದಳು. ಸ್ವಾಮಿಯ ಮೂಲ ಫೈಲು ತೆರೆದು ಮೊದಲಿನಿಂದ ಮತ್ತೊಂದು ಸಲ ಬದಲಾಯಿಸಿದಳು. ಅದೇ ಕೆಂಪಕ್ಷರ. ಕೊನೆಗೆ, ಎರಡು ದಿನದ ಹಿಂದೆ ಬೇಡವೆಂದು ಮುಚ್ಚಿದ್ದ ಆ ಬದಲಾಯಿಸುವ ಸೈಟಿಗೇ ಫೈಲು ಕೊಟ್ಟಳು. ಅದು ಕಣ್ಣು ಮಿಟುಕಿಸುವುದರೊಳಗೆ ಬದಲಾಯಿಸಿ ಕೊಟ್ಟಿತು. ಅವಳು ಕೈಯಲ್ಲಿ ಮಾಡಿದ್ದಕ್ಕೂ ಅದಕ್ಕೂ ಒಂದಕ್ಷರವೂ ವ್ಯತ್ಯಾಸವಿರಲಿಲ್ಲ. ಬಾಗಿಲು ಮಾತ್ರ ತೆರೆಯಲಿಲ್ಲ.

ಅಳಿಸಿಬಿಟ್ಟ, ಅಂದುಕೊಂಡಳು. ಹೇಗೋ ಒಳಗೆ ಹೋಗಿ ಅಳಿಸಿಬಿಟ್ಟ.

ಆಗಲೇ ಸ್ವಾಮಿ ಅಂಗಡಿಯ ಮೆಟ್ಟಿಲು ಹತ್ತಿದ. ಸರ್ವೇಗೆಂದು ರಜಾ ಹಾಕಿ ಹನೂರಿನಿಂದ ಬೆಳಿಗ್ಗೆಯ ಬಸ್ಸಿಗೇ ಬಂದಿದ್ದ. ಕೂರಲಿಲ್ಲ.

"ಚಿಕ್ಕವ್ವ, ರಾತ್ರಿ ಲ್ಯಾಪ್‌ಟಾಪ್ ಆನ್ ಮಾಡ್ದೆ. ಪಾಸ್‌ವರ್ಡ್ ಕೇಳ್ತಾ ಅದೆ." ಅವನ ದನಿ ಮೆತ್ತಗಿತ್ತು. "ನೀವು ಮುಟ್ಟುದ್ರಿ ಅಂತ ಅವ್ವ ಅಂತು. ಲಾಗೌಟ್ ಒತ್ತುದ್ರಾ?"

ಸ್ವಾಮಿಯ ಕಣ್ಣು ಪರದೆಯ ಮೇಲೆ ಹೋಯಿತು. ನೋಟ್‌ಪ್ಯಾಡಿನ ಸಾಲುಗಳನ್ನು ನೋಡಿದ, ಕೆಂಪಕ್ಷರ ನೋಡಿದ.

"ಬದಲಾಯ್ಸಿದ್ದೀರಿ," ಅಂದ. "ಸರ್ಯಾಗೇ ಬದಲಾಯ್ಸಿದ್ದೀರಿ. ಕೆಲ್ಸ ಮಾಡಿತ್ತಾ ಇದು?"

"ಶನಿವಾರ ಮಾಡಿತ್ತು. ಭಾವನ ಚಿತ್ರ ಬಂದಿತ್ತು."

"ಮತ್ತೆ ನಿನ್ನೆ ಇನ್ನೂ ನೋಡ್ತಾ ಇವ್ನಿ ಅಂದ್ರಿ?"

"ನನ್ನತ್ರ ಪಾಸ್ ಇತ್ತು. ನಿನ್ ಕಡೇದು ಮುಚ್ಚಿದ್ರೆ..." ರೂಪ ಪೆನ್‌ಡ್ರೈವ್ ಕಿತ್ತು ಮೇಜಿನ ಮೇಲಿಟ್ಟಳು. "ನೀನು ಅಳಿಸ್ಬುಟ್ಟೀಯ ಅಂತ ಭಯ ಆಯ್ತಪ್ಪ."

"ಅಳ್ಸೋನು ನಿಮಗ್ಯಾಕೆ ಫೈಲು ಕಳಿಸ್ತಿದ್ದೆ ಚಿಕ್ಕವ್ವ?"

ಹೊರಗೆ ಯಳಂದೂರಿನ ಬಸ್ಸಿನವನು ಊರುಗಳ ಹೆಸರು ಕೂಗುತ್ತಿದ್ದ. ಸ್ವಾಮಿ ಸ್ಟೂಲಿನ ತುದಿಗೆ ಕೂತ.

"ಲ್ಯಾಪ್‌ಟಾಪಲ್ಲಿ ಇದ್ದದ್ದೂ ನಿಮಗೆ ಕೊಟ್ಟದ್ದೂ ಒಂದೇ ಕುಕೀ. ನಾನು ಬರೀ ನಕಲು ಮಾಡ್ದೆ. ಲಾಗೌಟ್ ಅಂದ್ರೆ ಈ ಮಿಷನ್ನಿಂದ ಹೊರಗೋಗೋದಲ್ಲ. ಆ ಪಾಸು ಇನ್ಮೇಲೆ ನಡೀಬಾರ್ದು ಅಂತ ಆ ಕಡೆಯೋರಿಗೆ ಹೇಳೋದು. ನಕಲು ಎಷ್ಟಿದ್ರೂ ಎಲ್ಲಾ ಒಟ್ಟಿಗೆ ಓಯ್ತವೆ."

"ತಿರ್ಗಾ ಒಳಿಕ್ಕೆ ಓಗಾಕೆ?"

"ಪಾಸ್‌ವರ್ಡು ಅಪ್ಪನಿಗೆ ಗೊತ್ತಿತ್ತು."

ರೂಪ ತಲೆಯ ಮೇಲಿನ ತನ್ನದೇ ಚೀಟಿಯನ್ನು ನೋಡದಿರಲು ಪ್ರಯತ್ನಿಸಿದಳು.

ಸ್ವಾಮಿ ಕೇಳಿದ: "ಚಿತ್ರ ಬಂದಿತ್ತು ಅಂದ್ರಲ್ಲ. ಹೆಂಗಿದ್ರು?"

"ಬಿಳೀ ಅಂಗಿ. ಹಣೆ ತುಂಬ ಧೂಳ್ತ. ಕೈ ಚಾಚಿದ್ರು."

"ಯಾವ ಕಡೆಗೆ?"

"ಕಾಣ್ಲಿಲ್ಲ ಕಣಪ್ಪ. ಕಟ್ಟಾಗಿತ್ತು."

ಸ್ವಾಮಿ ಎದ್ದ. "ಸರ್ವೇಯರ್ ಬರೋ ಹೊತ್ತಾಯ್ತು" ಅಂದು ಮೆಟ್ಟಿಲಿಳಿದು ಹೋದ. ಹೋಗಿಬರುತ್ತೇನೆ ಅನ್ನಲಿಲ್ಲ.

ಮನೆಯಲ್ಲಿ ನಾಗರಾಜು ಎಲ್ಲ ಕೇಳಿಸಿಕೊಂಡ. ಬೈಯುತ್ತಾನೆ ಅಂದುಕೊಂಡಿದ್ದಳು. "ಆಟ ಬುಟ್ಟೋಯ್ತು ಅಂತ ಗೇಟಲ್ಲಿ ನೀನೇ ಹೇಳ್ಬುಟ್ಟು, ಔಟ್‌ಪಾಸ್ ಹಿಡ್ಕಂಡು ಹೊರಗ್ ನಿಂತ್ಕಂಡಲ್ಲ ಕಣೆ," ಅಂದ. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಸರ್ವೇಯರ್ ಹದ್ದು ಗುರುತು ಹಾಕಿ ಹೋದ. ಅವನ ನಕ್ಷೆಯಲ್ಲಿ ದಾರಿ ಇರಲಿಲ್ಲ. ಸಾಕ್ಷಿ ತೋರಿಸಿ ದಾರಿ ಬಿಡು ಅಂತ ಸ್ವಾಮಿಯನ್ನು ಈಗ ಯಾರೂ ಕೇಳುವ ಹಾಗಿರಲಿಲ್ಲ. ಅವತ್ತು ಜಗಲಿಯಲ್ಲಿ ಕೂತಿದ್ದ ಹಿರಿಯರಲ್ಲಿ ಉಳಿದವನು ದೊಡ್ಡಮಾದಪ್ಪ ಒಬ್ಬ, ಅವನಿಗೆ ಮಕ್ಕಳ ಹೆಸರೇ ನೆನಪಿಲ್ಲ. ಆ ವಾರವೆಲ್ಲ ರೂಪ ಬಸ್ಸಿಗೆ ನಿಂತಾಗ ಹೊಲದ ಕಡೆ ಬೆನ್ನು ಹಾಕಿ ನಿಂತಳು. ಗುಂಡಿ ತೋಡುವ ಸದ್ದು ಮಾತ್ರ ಕೇಳಿಸುತ್ತಿತ್ತು. ಮಾದಣ್ಣನನ್ನು ಕೇಳಲು ಬಾಯಿ ಬರಲಿಲ್ಲ.

ಕಂಬ ನಿಂತು ತಂತಿ ಎಳೆದಾದ ಮೇಲೆ ನಾಗರಾಜು ಹೋಗಿ ನೋಡಿ ಬಂದ. "ಪಡುವಲ ಬದಿನ್ ಮೇಲೆ ಬುಟ್ಟವ್ನೆ," ಅಂದ. "ಟ್ರ್ಯಾಕ್ಟರು, ಟ್ರೈಲರು ಎರಡೂ ಓಯ್ತವೆ."

ರೂಪ ನಂಬಲಿಲ್ಲ. ಎಲ್ಲೋ ಒಂದು ಕಡೆ ಗೇಟಿರಬೇಕು, ಗೇಟಿಗೆ ಬೀಗವಿರಬೇಕು ಅಂತ ಭಾನುವಾರ ತಾನೇ ಹೋದಳು. ರಸ್ತೆಯಿಂದ ಕಾಲುವೆಯವರೆಗೂ, ಬೇಲಿಯ ಪಕ್ಕದಲ್ಲಿ, ಕಂಬಗಳನ್ನು ಒಂದೊಂದಾಗಿ ನೋಡುತ್ತಾ ನಡೆದಳು. ಗೇಟಿರಲಿಲ್ಲ. ತಿರುವಿನಲ್ಲಿ ಟ್ರೈಲರ್ ಹೊರಳಲು ಒಂದು ಕಂಬವನ್ನು ಒಳಗೆ ಸರಿಸಿಯೂ ನೆಟ್ಟಿದ್ದರು.

ಫೋನು ಮಾಡಿದಳು. ಸ್ವಾಮಿ ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ. ಪುಟ್ಟಬಸಮ್ಮ ಒಮ್ಮೆ ಎತ್ತಿ, "ಕೆಲ್ಸಕ್ಕೆ ಓಗವ್ನೆ ಕಣವ್ವ" ಅಂದು ಇಟ್ಟುಬಿಟ್ಟಳು. ಸಂಕ್ರಾಂತಿಗೆ ಎಳ್ಳು ಬೀರಲು ಆ ಮನೆಯಿಂದ ಯಾರೂ ಬರಲಿಲ್ಲ.

ಕಬ್ಬು ಕಡಿದಾಯಿತು. ಟ್ರ್ಯಾಕ್ಟರು ಪಡುವಲ ಬದುವಿನ ಮೇಲೆ ಹೋಗಿ, ತುಂಬಿಕೊಂಡು, ಅದೇ ದಾರಿಯಲ್ಲಿ ರಸ್ತೆಗೆ ಬಂತು. ಪುಟ್ಟಮಾದಪ್ಪ ಕೊಟ್ಟಿದ್ದ ಮಾತು ಉಳಿಯಿತು.